ಹಸಿದವರ ಅಳು, ಹೊಟ್ಟೆ ತುಂಬಿದವರ ಮಾತು

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ. ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಗಳು ಬಡತನವನ್ನೂ ಸಾಮಾಜಿಕ ಅನ್ಯಾಯವನ್ನೂ ಟೀಕಿಸಿದವು ಎಂದು ಎಲ್ಲ ನೋಟ್ಸ್‌ಗಳಲ್ಲೂ ಇದೆ. ಹೇಗೆ ಟೀಕಿಸಿದವು ಅನ್ನೋದು ಮಾತ್ರ ಎಲ್ಲೂ ಸಿಗುತ್ತಿಲ್ಲ. ಸರ್ಕಾರಿ ವರದಿ, ಪತ್ರಿಕೆ, ಭಾಷಣ ಎಲ್ಲ ಆಗಲೂ ಇದ್ದವಲ್ಲ, ಕತೆಯೇ ಯಾಕೆ ಬೇಕಾಯಿತು? ಇದರಿಂದ ನಿಜಕ್ಕೂ ಏನಾದರೂ ಬದಲಾಯಿತಾ?

ಉತ್ತರ: ನೋಟ್ಸ್‌ಗಳ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದೇ. ‘ಕಾದಂಬರಿಕಾರ ಡಿಕನ್ಸ್ ಬಡವರಿಗಾಗಿ ಮರುಗಿದ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ಮರುಕಕ್ಕೇನು, ಆ ಕಾಲದ ಇಂಗ್ಲೆಂಡಿನಲ್ಲಿ ಬರವಿರಲಿಲ್ಲ. ದಾನಧರ್ಮದ ಸಂಘಗಳು ಊರೂರಿಗೆ ಇದ್ದವು. ಕಾದಂಬರಿಗಳ ಏಟು ಬಿದ್ದದ್ದು ಬೇರೆ ಕಡೆಯಿಂದ. ನನ್ನ ಪ್ರಕಾರ, ಬಡವರು ಅಳುವ ಪುಟಗಳಿಗಿಂತ ಉಳ್ಳವರು ಮಾತಾಡುವ ಪುಟಗಳೇ ಅವುಗಳಲ್ಲಿ ಹೆಚ್ಚು ಹರಿತ. ಅಧಿಕಾರಿ, ಗಿರಣಿ ಮಾಲೀಕ, ಮೇಷ್ಟರು ದಿನವೂ ಆಡುತ್ತಿದ್ದ, ಕೇಳಿದರೆ ಸರಿಯೆನಿಸುವ ಮಾತುಗಳನ್ನು ಎತ್ತಿ ತಂದು ಒಬ್ಬ ಹಸಿದ ಮನುಷ್ಯನ ಎದುರು ಆಡಿಸಿದರು. ಅದೇ ಮಾತು ಅಲ್ಲಿ ಕೇಳಿದರೆ ಮೈ ಉರಿಯುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. 1834ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಬಡವರ ಕಾನೂನು ಬಂತು. ದುಡಿಯಬಲ್ಲವರಿಗೆ ಮನೆಯಲ್ಲೇ ಇದ್ದು ಸಹಾಯ ಪಡೆಯುವ ದಾರಿಯನ್ನು ಮುಚ್ಚುವುದು ಅದರ ಉದ್ದೇಶ. ಸಹಾಯ ಬೇಕಿದ್ದರೆ ವರ್ಕ್‌ಹೌಸ್‌ಗೆ, ಅಂದರೆ ಬಡವರನ್ನು ಇರಿಸಿಕೊಂಡು ದುಡಿಸುವ ಮನೆಗೆ, ಬರಬೇಕು. ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಒಳಗಿನ ಬದುಕು ಕೆಟ್ಟದಾಗಿರಬೇಕು, ಇಲ್ಲದಿದ್ದರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಕಾನೂನಿನ ತತ್ವ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಊಟ ಅಳತೆ ಮಾಡಿ ಹಾಕುವುದು. ಇದನ್ನು ಮಾಡಿದವರು ರಾಕ್ಷಸರಲ್ಲ. ಓದಿದವರು, ಅರ್ಥಶಾಸ್ತ್ರ ಬಲ್ಲವರು, ತೆರಿಗೆದಾರರ ದುಡ್ಡಿನ ಬಗ್ಗೆ ಕಾಳಜಿ ಇದ್ದವರು. ಕಷ್ಟ ಇರುವುದೇ ಅಲ್ಲಿ. ರಾಕ್ಷಸನನ್ನು ಬೈಯುವುದು ಸುಲಭ. ಲೆಕ್ಕ ಸರಿಯಾಗಿಟ್ಟ ಸಭ್ಯ ಮನುಷ್ಯನನ್ನು ಹೇಗೆ ಬೈಯುತ್ತೀರಿ?

ಚಾರ್ಲ್ಸ್ ಡಿಕನ್ಸ್ ಹಿಡಿದ ದಾರಿ ನೋಡಿ. ‘ಆಲಿವರ್ ಟ್ವಿಸ್ಟ್’ 1837ರ ಫೆಬ್ರವರಿಯಿಂದ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಆಗ ಅವನಿಗೆ 25 ವರ್ಷ. ಎರಡನೇ ಅಧ್ಯಾಯದಲ್ಲಿ ವರ್ಕ್‌ಹೌಸ್ ಆಡಳಿತ ಮಂಡಳಿಯನ್ನು ಅವನು ಬೈಯುವುದೇ ಇಲ್ಲ, ಹೊಗಳುತ್ತಾನೆ. ಇವರು ಬಹಳ ಆಳವಾದ ತತ್ವಜ್ಞಾನಿಗಳು, ವರ್ಕ್‌ಹೌಸ್ ಬಡವರಿಗೆ ಬಿಟ್ಟಿ ಹೋಟೆಲಿನ ಹಾಗೆ ಆಗಿಬಿಟ್ಟಿದೆ ಎಂದು ಥಟ್ಟನೆ ಕಂಡುಹಿಡಿದರು ಅನ್ನುತ್ತಾನೆ. ಹಾಗಾಗಿ ಬಡವರ ಮುಂದೆ ಎರಡು ಆಯ್ಕೆ ಇಟ್ಟರಂತೆ: ಒಳಗಿದ್ದು ನಿಧಾನವಾಗಿ ಹಸಿದು ಸಾಯಬಹುದು, ಹೊರಗಿದ್ದು ಬೇಗ ಸಾಯಬಹುದು. ಬಲವಂತವೇನೂ ಇಲ್ಲ! ಸಂಸಾರ ಸಾಕು ಎಂದು ಗಂಡಸರನ್ನು ಪೀಡಿಸುವ ಬದಲು ಸಂಸಾರವನ್ನೇ ಕಿತ್ತುಕೊಂಡು ಅವರನ್ನು ಬ್ರಹ್ಮಚಾರಿಗಳನ್ನಾಗಿ ಮಾಡಿದರು ಎಂದು ಇನ್ನೊಂದು ಚುಚ್ಚು. ಮಂಡಳಿಯವರ ದನಿಯಲ್ಲೇ, ಅವರ ನಯನಾಜೂಕಿನಲ್ಲೇ ಬರೆಯುತ್ತಾ ಹೋಗುತ್ತಾನೆ. ಓದುಗ ತಲೆಯಾಡಿಸುತ್ತಾ ಬಂದು ಅರ್ಧ ವಾಕ್ಯದಲ್ಲಿ ತಬ್ಬಿಬ್ಬಾಗುತ್ತಾನೆ.

ಅದಾದ ಮೇಲೆ ಬರುವುದು ಎಲ್ಲರಿಗೂ ಗೊತ್ತಿರುವ ಗಂಜಿಯ ಪ್ರಸಂಗ. ‘ಇನ್ನೂ ಸ್ವಲ್ಪ ಬೇಕು ಸ್ವಾಮಿ’ ಎಂಬ ಒಂದು ಮಾತನ್ನು ಮಾತ್ರ ಎಲ್ಲರೂ ಉದ್ಧರಿಸುತ್ತಾರೆ. ಅದರ ಹಿಂದೆ ಮುಂದೆ ಏನಿದೆ ಅಂತ ನಿಧಾನವಾಗಿ ಓದಿ. ಬಟ್ಟಲುಗಳನ್ನು ತೊಳೆಯುವ ಅಗತ್ಯವೇ ಬರುತ್ತಿರಲಿಲ್ಲ, ಹುಡುಗರು ಚಮಚದಿಂದ ಕೆರೆದು ಕೆರೆದು ಅವನ್ನು ಫಳಫಳ ಹೊಳೆಸಿಡುತ್ತಿದ್ದರು. ಎತ್ತರದ ಹುಡುಗನೊಬ್ಬ, ಇನ್ನೊಂದು ಬಟ್ಟಲು ಗಂಜಿ ಸಿಗದಿದ್ದರೆ ಪಕ್ಕದಲ್ಲಿ ಮಲಗುವವನನ್ನು ರಾತ್ರಿ ತಿಂದುಬಿಟ್ಟೇನು ಎಂದು ಹೆದರಿಸುತ್ತಾನೆ. ಚೀಟಿ ಎತ್ತುತ್ತಾರೆ. ಚೀಟಿ ಕಥಾನಾಯಕನಾದ ಅನಾಥ ಹುಡುಗ ಆಲಿವರ್‌ಗೆ ಬೀಳುತ್ತದೆ. ಅಂದರೆ ಅವನು ಧೀರನಾಗಿ ಎದ್ದು ನಿಂತವನಲ್ಲ, ಸಿಕ್ಕಿಬಿದ್ದವನು. ಅವನು ಕೇಳಿದ ಕೂಡಲೇ ಗಂಜಿ ಬಡಿಸುವ ದಢೂತಿ ಮನುಷ್ಯನ ಮುಖ ಬಿಳಿಚಿಕೊಳ್ಳುತ್ತದೆ, ಸೌಟಿನಿಂದ ಹುಡುಗನ ತಲೆಗೆ ಬೀಸುತ್ತಾನೆ. ಸುದ್ದಿ ಮಂಡಳಿಗೆ ಹೋಗುತ್ತದೆ. ಅಧ್ಯಕ್ಷರು ಕೇಳುವ ಪ್ರಶ್ನೆ ಕೇಳಿ: ‘ಸಮಾಧಾನ ಮಾಡಿಕೊಂಡು ಸ್ಪಷ್ಟವಾಗಿ ಹೇಳು. ಆಹಾರ ಪಟ್ಟಿಯಲ್ಲಿ ನಿಗದಿಯಾದ ರಾತ್ರಿಯೂಟ ಮುಗಿಸಿದ ಮೇಲೂ ಅವನು ಇನ್ನಷ್ಟು ಕೇಳಿದ ಅಂತಲೇ?’

ಮಗುವಿಗೆ ಹಸಿವಾಗಿತ್ತೇ ಅಂತ ಯಾರೂ ಕೇಳಲಿಲ್ಲ. ಪಟ್ಟಿಯಂತೆ ಕೊಟ್ಟಾಗಿದೆ ಅಲ್ವಾ? ಬಿಳಿ ಒಳಕೋಟಿನ ಮಹನೀಯರೊಬ್ಬರು ‘ಈ ಹುಡುಗ ನೇಣಿಗೇರುತ್ತಾನೆ, ಬರೆದಿಟ್ಟುಕೊಳ್ಳಿ’ ಎಂಬಂತೆ ಮಾತಾಡುತ್ತಾರೆ. ಮರುದಿನ ಬಾಗಿಲಿಗೆ ನೋಟೀಸು: ಈ ಹುಡುಗನನ್ನು ಕರೆದುಕೊಂಡು ಹೋಗುವವರಿಗೆ 5 ಪೌಂಡ್. ಯಾವ ಸರ್ಕಾರಿ ಕಚೇರಿಯಲ್ಲಿ ನಿಂತವರಿಗಾದರೂ ಈ ದನಿ ಪರಿಚಯವಿರುತ್ತದೆ, ಅದಕ್ಕೆ ಲಂಡನ್ನಿನವರೇ ಆಗಬೇಕಿಲ್ಲ.

ವರದಿಗಳಿದ್ದಾಗ ಕತೆ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ಡಿಕನ್ಸ್ ತಾನೇ ಉತ್ತರ ಕೊಟ್ಟಿದ್ದಾನೆ. 1842-43ರಲ್ಲಿ ಬಾಲ ಕಾರ್ಮಿಕರ ಬಗ್ಗೆ ಸರ್ಕಾರಿ ಆಯೋಗದ ವರದಿಗಳು ಬಂದವು. ಆಯೋಗದ ಸದಸ್ಯರಾಗಿದ್ದ ಡಾ. ಸೌತ್‌ವುಡ್ ಸ್ಮಿತ್ ಅವನಿಗೆ ಒಂದನ್ನು ಕಳಿಸಿಕೊಟ್ಟರು. ಓದಿ ಕಂಗಾಲಾದ ಡಿಕನ್ಸ್, ಬಡವರ ಮಕ್ಕಳ ಪರವಾಗಿ ಇಂಗ್ಲೆಂಡಿನ ಜನರಿಗೆ ಮನವಿಯೊಂದನ್ನು ಕಿರುಹೊತ್ತಗೆಯಾಗಿ ಬರೆಯುತ್ತೇನೆ ಅಂದ. 1843ರ ಮಾರ್ಚ್ ಅದು. ಕೆಲವೇ ದಿನಗಳಲ್ಲಿ ಮನಸ್ಸು ಬದಲಾಯಿಸಿ ಮತ್ತೆ ಕಾಗದ ಬರೆದ. ವರ್ಷದ ಕೊನೆಗೆ ದೊಡ್ಡ ಸುತ್ತಿಗೆಯ ಏಟೊಂದು ಬೀಳಲಿದೆ, ಅದರ ಬಲ ಕಿರುಹೊತ್ತಗೆಗಿಂತ ಇಪ್ಪತ್ತು ಪಟ್ಟು, ಇಪ್ಪತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ ಅಂದ. ಆ ಸುತ್ತಿಗೆಯೇ ಡಿಸೆಂಬರ್ 19ಕ್ಕೆ ಹೊರಬಂದ ‘ಎ ಕ್ರಿಸ್ಮಸ್ ಕ್ಯಾರಲ್’. ಕ್ರಿಸ್ಮಸ್ ಹಿಂದಿನ ದಿನದೊಳಗೆ 6,000 ಪ್ರತಿಗಳು ಖರ್ಚಾದವು.

ಈಗ ಅದು ಮಕ್ಕಳ ಕತೆಯಾಗಿಬಿಟ್ಟಿದೆ. ಒಳಗಿರುವುದು ಮಾತ್ರ ಅದೇ ತಂತ್ರ. ಬಡವರಿಗಾಗಿ ಚಂದಾ ಕೇಳಲು ಬಂದವರಿಗೆ ಜಿಪುಣ ವ್ಯಾಪಾರಿ ಸ್ಕ್ರೂಜ್ ಹೇಳುತ್ತಾನೆ: ಜೈಲುಗಳಿಲ್ಲವೇ? ವರ್ಕ್‌ಹೌಸ್‌ಗಳಿಲ್ಲವೇ? ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ವಾಸಿ ಎನ್ನುವವರು ಸಾಯಲಿ, ಹೆಚ್ಚುವರಿ ಜನಸಂಖ್ಯೆ ಕಡಿಮೆಯಾಗುತ್ತದೆ. ಆ ಕಾಲದ ದೊಡ್ಡ ಮನುಷ್ಯರಿಗೆ ಇದು ಕ್ರೂರ ಮಾತಾಗಿ ಕೇಳಿಸುತ್ತಿರಲಿಲ್ಲ. ಜನಸಂಖ್ಯೆ ಆಹಾರಕ್ಕಿಂತ ಬೇಗ ಬೆಳೆಯುತ್ತದೆ ಎಂದ ಅರ್ಥಶಾಸ್ತ್ರಜ್ಞ ಮಾಲ್ಥಸ್‌ನ ಪುಸ್ತಕ ಓದಿದವರು ಊಟದ ಮೇಜಿನಲ್ಲಿ ಚರ್ಚಿಸುವ ವಿಷಯವೇ ಅದು. ಆಮೇಲೆ ಭೂತವೊಂದು ಸ್ಕ್ರೂಜ್‌ನನ್ನು ಅವನ ಗುಮಾಸ್ತನ ಮನೆಗೆ ಕರೆದೊಯ್ಯುತ್ತದೆ. ಅಲ್ಲಿ ಊರುಗೋಲು ಹಿಡಿದ ಪುಟ್ಟ ಹುಡುಗ. ಇವನು ಬದುಕುತ್ತಾನಾ ಎಂದು ಸ್ಕ್ರೂಜ್ ಕೇಳುತ್ತಾನೆ. ಸಾಯುವುದಿದ್ದರೆ ಸಾಯಲಿ ಬಿಡು, ಹೆಚ್ಚುವರಿ ಜನಸಂಖ್ಯೆ ಕಡಿಮೆಯಾಗುತ್ತದೆ ಎಂದು ಭೂತ ಅವನ ಮಾತನ್ನೇ ಅವನ ಮುಖಕ್ಕೆ ಹಿಡಿಯುತ್ತದೆ. ವಾದ ಇಲ್ಲ, ಅಂಕಿಅಂಶ ಇಲ್ಲ. ಮಾತು ಅದೇ, ಜಾಗ ಬೇರೆ.

‘ಹಾರ್ಡ್ ಟೈಮ್ಸ್’ನಲ್ಲಿ (1854) ಅವನು ನೇರವಾಗಿ ಅಂಕಿಅಂಶಗಳ ಮೇಲೇ ಬೀಳುತ್ತಾನೆ. ಸರ್ಕಸ್ಸಿನವನ ಮಗಳು ಸಿಸ್ಸಿ ಶಾಲೆಗೆ ಬಂದಿದ್ದಾಳೆ. ತರಗತಿಯಲ್ಲಿ ಅವಳು ಇಪ್ಪತ್ತನೇ ನಂಬರಿನ ಹುಡುಗಿ. ಮೇಷ್ಟರು ಕೇಳುತ್ತಾರೆ: ಈ ದೇಶದಲ್ಲಿ ಐದು ಕೋಟಿ ಹಣವಿದೆ, ಇದು ಸಮೃದ್ಧ ದೇಶ ಅಲ್ಲವೇ? ಹಣ ಯಾರ ಹತ್ತಿರ ಇದೆ, ಅದರಲ್ಲಿ ನನ್ನದೇನಾದರೂ ಇದೆಯಾ ಅಂತ ತಿಳಿಯದೆ ಹೇಗೆ ಹೇಳಲಿ ಅನ್ನುತ್ತಾಳೆ ಹುಡುಗಿ. ತಪ್ಪು. ಹತ್ತು ಲಕ್ಷ ಜನರಿರುವ ಊರಲ್ಲಿ ವರ್ಷಕ್ಕೆ ಇಪ್ಪತ್ತೈದೇ ಜನ ಬೀದಿಯಲ್ಲಿ ಹಸಿದು ಸತ್ತರೆ ಆ ಪ್ರಮಾಣದ ಬಗ್ಗೆ ಏನು ಹೇಳುತ್ತೀಯ? ಉಳಿದವರು ಹತ್ತು ಲಕ್ಷವಿರಲಿ ಎಷ್ಟೇ ಇರಲಿ, ಸತ್ತವರಿಗೆ ಕಷ್ಟ ಅಷ್ಟೇ ಅಲ್ವಾ ಅನ್ನುತ್ತಾಳೆ. ಅದೂ ತಪ್ಪು. ಇದನ್ನೆಲ್ಲ ಸಿಸ್ಸಿ ಗೆಳತಿಯ ಹತ್ತಿರ ನಾಚಿಕೊಂಡು, ನಾನು ದಡ್ಡಿ ಎಂಬ ದನಿಯಲ್ಲಿ ಹೇಳಿಕೊಳ್ಳುತ್ತಾಳೆ. ಅವಳ ಬಾಯಲ್ಲಿ ಭಾಷಣ ಮಾಡಿಸಿದ್ದರೆ ಈ ಪುಟ ಸತ್ತೇಹೋಗುತ್ತಿತ್ತು.

ಡಿಕನ್ಸ್ ಒಬ್ಬನನ್ನೇ ಹಿಡಿದುಕೊಳ್ಳಬೇಡಿ. ನನ್ನನ್ನು ಕೇಳಿದರೆ, ಬಡವರ ಮನೆಯೊಳಗಿನ ಸತ್ಯ ಅವನಿಗಿಂತ ಎಲಿಜಬೆತ್ ಗ್ಯಾಸ್ಕೆಲ್‌ಗೆ ಹೆಚ್ಚು ಗೊತ್ತಿತ್ತು. ಆಕೆ ಮ್ಯಾಂಚೆಸ್ಟರ್‌ನ ಪಾದ್ರಿಯೊಬ್ಬರ ಹೆಂಡತಿ. 1845ರಲ್ಲಿ ಪುಟ್ಟ ಮಗ ಜ್ವರದಿಂದ ತೀರಿಕೊಂಡ. ಆ ದುಃಖದಲ್ಲಿ ಬರೆಯಲು ಕೂತದ್ದು ‘ಮೇರಿ ಬಾರ್ಟನ್’. 1848ರಲ್ಲಿ, ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಅದರ ಆರನೇ ಅಧ್ಯಾಯವೊಂದನ್ನು ಓದಿದರೂ ನಿಮ್ಮ ಅರ್ಧ ಪ್ರಬಂಧ ಸಿದ್ಧ.

ಗಿರಣಿ ಮುಚ್ಚಿದೆ. ಡೇವನ್‌ಪೋರ್ಟ್ ಎಂಬ ಕೆಲಸಗಾರ ಜ್ವರ ಹಿಡಿದು ನೆಲಮಾಳಿಗೆಯಲ್ಲಿ ಬಿದ್ದಿದ್ದಾನೆ. ಬೀದಿಯ ಕೊಚ್ಚೆ ಇಟ್ಟಿಗೆ ನೆಲದಿಂದ ಒಳಗೆ ಜಿನುಗುತ್ತಿದೆ. ಆ ಒದ್ದೆಯಲ್ಲೇ ಮಕ್ಕಳು ಹೊರಳಾಡುತ್ತಿವೆ. ಒಲೆ ಆರಿದೆ. ನೋಡಲು ಬಂದ ಜಾನ್ ಬಾರ್ಟನ್ ಮತ್ತು ವಿಲ್ಸನ್ ಇಬ್ಬರೂ ಕೆಲಸಗಾರರೇ. ಬಾರ್ಟನ್ ಮನೆಗೆ ಓಡಿ, ತನ್ನ ಒಳ್ಳೆಯ ಕೋಟನ್ನೂ ಇದ್ದೊಂದು ರೇಷ್ಮೆ ಕರ್ಚೀಫನ್ನೂ ಗಿರವಿ ಅಂಗಡಿಯಲ್ಲಿಟ್ಟು, ಊಟ, ಮೇಣದ ಬತ್ತಿ, ಕಲ್ಲಿದ್ದಲು ತರುತ್ತಾನೆ. ಮಾರನೆಯ ಬೆಳಗ್ಗೆ ವಿಲ್ಸನ್ ಆಸ್ಪತ್ರೆಗೆ ಸೇರಿಸುವ ಚೀಟಿ ಕೇಳಲು ಮಾಲೀಕ ಕಾರ್ಸನ್‌ನ ಮನೆಗೆ ಹೋಗುತ್ತಾನೆ. ಅಡುಗೆಮನೆಯಲ್ಲಿ ಕಾಯಬೇಕು. ಮಾಂಸ ಹುರಿಯುವ, ಕಾಫಿ ಕಾಯುವ ವಾಸನೆ. ಅವನು ಹಿಂದಿನ ದಿನದ ಊಟದ ಮೇಲೆ ಏನೂ ತಿಂದಿಲ್ಲ. ಮೇಲೆ ಅಪ್ಪ ಮಗ ಪೇಪರ್ ಓದುತ್ತಾ ಆರಾಮಾಗಿ ತಿಂಡಿ ತಿನ್ನುತ್ತಿದ್ದಾರೆ. ಚಿಕ್ಕ ಮಗಳು ಹೊಸ ಜಾತಿಯ ಗುಲಾಬಿಯೊಂದು ಬೇಕೆಂದು ಅಪ್ಪನನ್ನು ಪುಸಲಾಯಿಸುತ್ತಿದ್ದಾಳೆ.

ವಿಲ್ಸನ್ ಹೆಸರು ಹೇಳಿದಾಗ ಕಾರ್ಸನ್ ‘ಡೇವನ್‌ಪೋರ್ಟ್? ಯಾರದು?’ ಅನ್ನುತ್ತಾನೆ. ಮೂರು ವರ್ಷಕ್ಕೂ ಹೆಚ್ಚು ನಿಮ್ಮ ಗಿರಣಿಯಲ್ಲೇ ದುಡಿದವನು ಸ್ವಾಮಿ. ಇರಬಹುದು, ಆಳುಗಳ ಹೆಸರೆಲ್ಲ ನೋಡಿಕೊಳ್ಳುವುದು ಮೇಸ್ತ್ರಿಯ ಕೆಲಸ. ಆಮೇಲೆ ಒಂದು ಚೀಟಿ ಕೊಡುತ್ತಾನೆ, ಒಳರೋಗಿಯದಲ್ಲ, ಸೋಮವಾರ ಹೊರರೋಗಿಯಾಗಿ ತೋರಿಸುವುದು. ಮಗ ಜೇಬಿನಲ್ಲಿದ್ದ ಚಿಲ್ಲರೆ ಕೊಡುತ್ತಾನೆ. ಡೇವನ್‌ಪೋರ್ಟ್ ಸೋಮವಾರದವರೆಗೆ ಉಳಿಯುವುದಿಲ್ಲ.

ಇಲ್ಲಿ ಗ್ಯಾಸ್ಕೆಲ್ ಯಾರನ್ನೂ ಖಳನಾಯಕನನ್ನಾಗಿ ಮಾಡಿಲ್ಲ. ಅಪ್ಪ ಒರಟನಲ್ಲ, ಮಗ ಜಿಪುಣನಲ್ಲ, ಹುಡುಗಿ ಗುಲಾಬಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕೋಟು ಗಿರವಿಗಿಟ್ಟ ರಾತ್ರಿಯ ಪಕ್ಕದಲ್ಲೇ ಆ ತಿಂಡಿಯ ಮೇಜನ್ನು ತಂದು ಇಟ್ಟಳು, ಅಷ್ಟೇ. ಮುನ್ನುಡಿಯಲ್ಲಿ ಬೇರೆ, ನನಗೆ ಅರ್ಥಶಾಸ್ತ್ರ ಏನೂ ಗೊತ್ತಿಲ್ಲ ಎಂದು ಬರೆದುಕೊಂಡಳು. ವಿನಯವೋ ಕುಹಕವೋ, ನೀವೇ ನಿರ್ಧರಿಸಿ. ಮಾಲೀಕರ ಪರವಾದ ವಿಮರ್ಶಕರಂತೂ ಸಿಟ್ಟಾದರು. ಇನ್ನೊಂದು ಕೆಲಸವನ್ನೂ ಮಾಡಿದಳು. ಕೆಲಸಗಾರರ ಬಾಯಲ್ಲಿ ಲ್ಯಾಂಕಶೈರ್ ಸೀಮೆಯ ಮಾತನ್ನೇ ಇಟ್ಟಳು. ಇದು ಕೆಟ್ಟ ಇಂಗ್ಲಿಷ್ ಅಲ್ಲ, ಹಳೆಯ ಕವಿ ಚಾಸರ್ ಬಳಸಿದ ಮಾತೇ ಎಂದು ತೋರಿಸುವ ಅಡಿಟಿಪ್ಪಣಿಗಳನ್ನು ಅವಳ ಗಂಡ ಬರೆದ.

ಕತೆಗೆ ಮಾತ್ರ ಸಾಧ್ಯವಾದ ಇನ್ನೊಂದು ಕೆಲಸವಿದೆ: ಸಂಬಂಧ ಕಟ್ಟಿ ತೋರಿಸುವುದು. ‘ಬ್ಲೀಕ್ ಹೌಸ್’ನಲ್ಲಿ (1852-53) ಜೋ ಎಂಬ ಬೀದಿ ಗುಡಿಸುವ ಹುಡುಗ ಇದ್ದಾನೆ. ಎಲ್ಲಿ ನಿಂತರೂ ಪೊಲೀಸಿನವನು ‘ಮುಂದೆ ನಡಿ’ ಅನ್ನುತ್ತಾನೆ. ಎಲ್ಲಿಗೆ ಅಂತ ಯಾರೂ ಹೇಳುವುದಿಲ್ಲ. ಪರದೇಶಗಳಲ್ಲಿ ಸುವಾರ್ತೆ ಸಾರುವ ಸಂಘದ ಮೆಟ್ಟಿಲ ಮೇಲೆ ಕೂತು ಬ್ರೆಡ್ ತಿಂದು, ಎದ್ದು ಹೋಗುವಾಗ ಮೆಟ್ಟಿಲನ್ನು ಗುಡಿಸಿಕೊಟ್ಟು ಹೋಗುತ್ತಾನೆ. ಅವನು ಬದುಕುವ ಕೊಳೆಗೇರಿಯ ಆಸ್ತಿ ದಶಕಗಳಿಂದ ಕೋರ್ಟಿನಲ್ಲಿ ಕೊಳೆಯುತ್ತಿದೆ. ಅಲ್ಲಿಂದ ಸಿಡುಬಿನಂಥ ಕಾಯಿಲೆ ಅವನ ಜೊತೆ ಹೊರಟು, ಅವನಿಗೆ ಆಸರೆ ಕೊಟ್ಟ ಮನೆಗೆ ಬಂದು, ಕತೆ ಹೇಳುವ ಎಸ್ತರ್‌ಳ ಮುಖವನ್ನೇ ಕೆಡಿಸುತ್ತದೆ. ಕೊನೆಗೆ ಜೋ ಸಾಯುವಾಗ ಕಾದಂಬರಿಕಾರ ಕತೆಯನ್ನು ಬಿಟ್ಟು ನೇರವಾಗಿ ರಾಣಿಯನ್ನೂ ಪ್ರಭುಗಳನ್ನೂ ಕರೆದು ‘ಸತ್ತ’ ಎಂದು ವರದಿ ಒಪ್ಪಿಸುತ್ತಾನೆ. ಕೊಳೆಗೇರಿ ದೂರದ ಸಂಗತಿ ಅಂದುಕೊಂಡ ಓದುಗನಿಗೆ, ಅಲ್ಲಿಂದ ನಿನ್ನ ಮಲಗುವ ಕೋಣೆಗೆ ದಾರಿಯಿದೆ ಎಂದು ಕಥಾಸರಣಿಯೇ ಹೇಳುತ್ತದೆ.

ಇವನ್ನೆಲ್ಲ ಓದುತ್ತಿದ್ದವರು ಯಾರು? ಮೂರು ಸಂಪುಟದ ಕಾದಂಬರಿಯ ಬೆಲೆ 31 ಶಿಲ್ಲಿಂಗ್ 6 ಪೆನ್ಸ್. ಸ್ಕ್ರೂಜ್‌ನ ಗುಮಾಸ್ತನಿಗೆ ವಾರಕ್ಕೆ 15 ಶಿಲ್ಲಿಂಗ್ ಸಂಬಳ. ಅವನ ಕತೆಯ ಪುಸ್ತಕಕ್ಕೇ 5 ಶಿಲ್ಲಿಂಗ್, ವಾರದ ಸಂಬಳದಲ್ಲಿ ಮೂರನೇ ಒಂದು ಪಾಲು! ತಿಂಗಳ ಕಂತುಗಳು 1 ಶಿಲ್ಲಿಂಗ್‌ಗೂ, ಡಿಕನ್ಸ್‌ನ ವಾರಪತ್ರಿಕೆ 2 ಪೆನ್ಸ್‌ಗೂ ಸಿಗುತ್ತಿದ್ದುದರಿಂದ ಓದುಗರು ಹೆಚ್ಚಿದ್ದು ನಿಜ. ಆದರೂ ಮುಖ್ಯ ಗುರಿ ಮಧ್ಯಮ ವರ್ಗ ಮತ್ತು ಮೇಲಿನವರೇ. ಬೀದಿಯ ಜನ ಜಾಸ್ತಿ ಓದಿಸಿ ಕೇಳುತ್ತಿದ್ದದ್ದು ಜಿ.ಡಬ್ಲ್ಯು.ಎಂ. ರೆನಾಲ್ಡ್ಸ್‌ನ ಒಂದು ಪೆನ್ನಿಯ ರೋಚಕ ಕತೆಗಳನ್ನು. ಸಿಲಬಸ್‌ನಲ್ಲಿ ಅವನ ಹೆಸರು ಬರುವುದು ಅಪರೂಪ.

ಈಗ ಇನ್ನೊಂದು ಮಗ್ಗುಲು. ಈ ಲೇಖಕರು ಎಲ್ಲಿ ಹಿಂಜರಿದರು ಅನ್ನೋದನ್ನು ಬಿಟ್ಟರೆ ನಿಮ್ಮ ಪ್ರಬಂಧ ಭಜನೆಯಾಗುತ್ತದೆ. ಆಲಿವರ್ ವರ್ಕ್‌ಹೌಸ್‌ನಲ್ಲಿ ಬೆಳೆದರೂ ಸಭ್ಯರ ಇಂಗ್ಲಿಷ್ ಮಾತಾಡುತ್ತಾನೆ. ಕೊನೆಗೆ ಒಳ್ಳೆಯ ಮನೆತನದವನೆಂದು ತಿಳಿದು ಪಾರಾಗುತ್ತಾನೆ. ಚೀಟಿ ಎತ್ತಿದ ಉಳಿದ ಹುಡುಗರು ಅಲ್ಲೇ ಉಳಿಯುತ್ತಾರೆ. ಜಾನ್ ಬಾರ್ಟನ್‌ನ ಮಗಳು ಮೇರಿ ಕೆನಡಾಕ್ಕೆ ಹಡಗು ಹತ್ತುತ್ತಾಳೆ. ಸ್ಕ್ರೂಜ್ ಒಳ್ಳೆಯವನಾಗುತ್ತಾನೆ, ಕಾನೂನು ಹಾಗೇ ಇರುತ್ತದೆ. ಮಾಲೀಕರ ಮನಸ್ಸು ಬದಲಾದರೆ ಸಾಕು ಎಂಬಂತೆ ಡಿಕನ್ಸ್ ಬರೆಯುತ್ತಾನೆ ಎಂದು ಲೇಖಕ ಜಾರ್ಜ್ ಆರ್ವೆಲ್ 1940ರಲ್ಲಿ ಹೇಳಿದ್ದು ಇದನ್ನೇ.

ಕಾರ್ಮಿಕ ಸಂಘಗಳ ವಿಷಯದಲ್ಲಂತೂ ಡಿಕನ್ಸ್ ನನಗೆ ನಿರಾಸೆ ತರಿಸುತ್ತಾನೆ. 1853-54ರಲ್ಲಿ ಪ್ರೆಸ್ಟನ್ ಊರಿನ ಗಿರಣಿ ಕೆಲಸಗಾರರು ತಿಂಗಳುಗಟ್ಟಲೆ ಮುಷ್ಕರದಲ್ಲಿದ್ದರು. ಡಿಕನ್ಸ್ ರೈಲು ಹತ್ತಿ ಹೋಗಿ ಅವರ ಸಭೆಯಲ್ಲಿ ಕೂತು ಬಂದ. ಸಭೆ ಎಷ್ಟು ಶಿಸ್ತಿನಿಂದ ನಡೆಯಿತು, ಬಾಯಿಬಡುಕನೊಬ್ಬನನ್ನು ಅಧ್ಯಕ್ಷನೇ ಹೇಗೆ ತಡೆದ ಎಂದು 1854ರ ಫೆಬ್ರವರಿಯಲ್ಲಿ ತನ್ನ ಪತ್ರಿಕೆಯಲ್ಲಿ ವರದಿ ಬರೆದ. ಎರಡೇ ತಿಂಗಳಲ್ಲಿ ಅದೇ ಪತ್ರಿಕೆಯಲ್ಲಿ ‘ಹಾರ್ಡ್ ಟೈಮ್ಸ್’ ಶುರುವಾಯಿತು. ಅದರಲ್ಲಿ ಸಂಘದ ಮುಖಂಡ ಸ್ಲ್ಯಾಕ್‌ಬ್ರಿಜ್ ಬರೀ ಬಾಯಿಬಡುಕ, ಮುಗ್ಧ ಕೆಲಸಗಾರರನ್ನು ದಾರಿತಪ್ಪಿಸುವವನು. ಕಣ್ಣಾರೆ ಕಂಡದ್ದನ್ನು ವರದಿಯಲ್ಲಿ ನೆಟ್ಟಗೆ ಬರೆದವನು ಕತೆಯಲ್ಲಿ ತಿರುಚಿದ. ಕತೆ ಯಾವಾಗಲೂ ವರದಿಗಿಂತ ಸತ್ಯಕ್ಕೆ ಹತ್ತಿರ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಬಡವರು ನರಳಿದರೆ ಅವನ ಮನ ಕರಗುತ್ತದೆ, ಒಟ್ಟಾಗಿ ನಿಂತು ಕೇಳಿದರೆ ಭಯವಾಗುತ್ತದೆ. ಗ್ಯಾಸ್ಕೆಲ್ ಸ್ವಲ್ಪ ಮುಂದೆ ಹೋದಳು. ಬಾರ್ಟನ್ ಸಂಸತ್ತಿಗೆ ಮನವಿ ಹೊತ್ತು ಹೋಗಿ, ಅವರು ಕೇಳಿಸಿಕೊಳ್ಳದೆ ಕಳಿಸಿದ ಮೇಲೆ ಕೊಲೆಗಾರನಾಗುವ ದಾರಿಯನ್ನು ಹಂತಹಂತವಾಗಿ ತೋರಿಸಿದಳು. ಪುಸ್ತಕಕ್ಕೆ ಅವನ ಹೆಸರನ್ನೇ ಇಡಬೇಕೆಂದಿದ್ದಳು. ಕೊನೆಯಲ್ಲಿ ಅವಳೂ ಕ್ಷಮೆ, ಪ್ರಾರ್ಥನೆಗಳಿಗೆ ಮೊರೆಹೋದಳು.

ನಾವು ಭಾರತೀಯರು ಗಮನಿಸಬೇಕಾದದ್ದು ಇನ್ನೊಂದಿದೆ. ಮ್ಯಾಂಚೆಸ್ಟರ್ ಗಿರಣಿಗಳ ಹತ್ತಿ ಹೆಚ್ಚಾಗಿ ಬರುತ್ತಿದ್ದದ್ದು ಅಮೆರಿಕದ ಗುಲಾಮರು ದುಡಿದ ಹೊಲಗಳಿಂದ. 1861ರಲ್ಲಿ ಅಲ್ಲಿ ಯುದ್ಧ ಶುರುವಾಗಿ ಹತ್ತಿ ನಿಂತಾಗ ಅವರ ಕಣ್ಣು ನಮ್ಮ ಧಾರವಾಡ ಸೀಮೆಯ ಹತ್ತಿಯ ಮೇಲೂ ಬಿತ್ತು. ಆ ಹೊಲಗಳ ಮನುಷ್ಯರು ಈ ಕಾದಂಬರಿಗಳೊಳಗೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. 1857ರ ದಂಗೆಯ ಸುದ್ದಿ ಕೇಳಿದಾಗ, ಬೀದಿ ಗುಡಿಸುವ ಜೋಗೋಸ್ಕರ ಕಣ್ಣೀರು ಹಾಕಿಸಿದ ಇದೇ ಡಿಕನ್ಸ್, ಭಾರತೀಯರ ಕುಲವನ್ನೇ ನಿರ್ನಾಮ ಮಾಡಬೇಕು ಎಂಬ ಅರ್ಥದಲ್ಲಿ ಗೆಳತಿಯೊಬ್ಬಳಿಗೆ ಕಾಗದ ಬರೆದ.

ಏನಾದರೂ ಬದಲಾಯಿತಾ? ಕೆಲವು ಕಡೆ, ಹೌದು. ಮಕ್ಕಳನ್ನು ತಂದು ತಳ್ಳಿ ಮರೆತುಬಿಡುವ ಯಾರ್ಕ್‌ಶೈರ್‌ನ ಅಗ್ಗದ ವಸತಿ ಶಾಲೆಗಳು ‘ನಿಕೋಲಸ್ ನಿಕಲ್ಬಿ’ (1838-39) ಬಂದ ಮೇಲೆ ಒಂದು ದಶಕದೊಳಗೆ ಬಹಳ ಕಡಿಮೆಯಾದವು. ಚಿಮಣಿಯೊಳಗೆ ಮಕ್ಕಳನ್ನು ಹತ್ತಿಸುವುದರ ಬಗ್ಗೆ ಚಾರ್ಲ್ಸ್ ಕಿಂಗ್ಸ್‌ಲಿಯ ‘ದಿ ವಾಟರ್ ಬೇಬೀಸ್’ 1863ರಲ್ಲಿ ಬಂತು, ಮರುವರ್ಷ ಕಾನೂನು ಬಂತು. ಅದಕ್ಕೆ ಹಲ್ಲು ಮೂಡಿದ್ದು 1875ರಲ್ಲಿ. ಇದಕ್ಕೆಲ್ಲ ಕಾದಂಬರಿಯೊಂದೇ ಕಾರಣ ಎಂದು ಬರೆದರೆ ಪರೀಕ್ಷಕರು ಗೆರೆ ಎಳೆಯುತ್ತಾರೆ, ಎಳೆಯಬೇಕು ಕೂಡ. ಸಂಸದರು, ವೈದ್ಯರು, ಪತ್ರಕರ್ತರು, ಮುಷ್ಕರ ಹೂಡಿದ ಕೆಲಸಗಾರರು ಎಲ್ಲರ ಪಾಲೂ ಇದೆ. ಆಂಡೋವರ್ ವರ್ಕ್‌ಹೌಸ್‌ನಲ್ಲಿ ಗೊಬ್ಬರಕ್ಕೆಂದು ಮೂಳೆ ಕುಟ್ಟಲು ಕೂರಿಸಿದ್ದವರು ಹಸಿವು ತಾಳದೆ ಆ ಕೊಳೆತ ಮೂಳೆಗಳನ್ನೇ ಚೀಪುತ್ತಿದ್ದರು ಎಂಬುದು 1845ರಲ್ಲಿ ಬಯಲಾಯಿತು. ‘ಆಲಿವರ್ ಟ್ವಿಸ್ಟ್’ ಬಂದು ಎಂಟು ವರ್ಷವಾಗಿತ್ತು! ಆ ಹಗರಣದಿಂದ ವರ್ಕ್‌ಹೌಸ್‌ಗಳ ಮೇಲ್ವಿಚಾರಣೆ ಮಾಡುತ್ತಿದ್ದ ಬಡವರ ಕಾನೂನಿನ ಆಯೋಗವೇ ಬದಲಾಯಿತು. ವರ್ಕ್‌ಹೌಸ್ ವ್ಯವಸ್ಥೆ ಅಧಿಕೃತವಾಗಿ ರದ್ದಾದದ್ದು 1930ರಲ್ಲಿ, ಬಡವರ ಕಾನೂನು ಪೂರ್ತಿ ಹೋದದ್ದು 1948ರಲ್ಲಿ.

ನಿಮ್ಮ ಪ್ರಬಂಧಕ್ಕೆ ಒಂದು ಸಲಹೆ. ಹತ್ತು ಕಾದಂಬರಿಗಳ ಹೆಸರು ಉದುರಿಸಬೇಡಿ. ‘ಆಲಿವರ್ ಟ್ವಿಸ್ಟ್’ನ ಎರಡನೇ ಅಧ್ಯಾಯ, ‘ಮೇರಿ ಬಾರ್ಟನ್’ನ ಆರನೇ ಅಧ್ಯಾಯ, ‘ಹಾರ್ಡ್ ಟೈಮ್ಸ್’ ಮೊದಲ ಭಾಗದ ಒಂಬತ್ತನೆಯದು, ಇಷ್ಟನ್ನು ಪಕ್ಕಪಕ್ಕ ಇಟ್ಟುಕೊಂಡು ಪ್ರತಿ ಪುಟದಲ್ಲೂ ಯಾರು ಮಾತಾಡುತ್ತಿದ್ದಾರೆ, ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಸಮಯ ಸಿಕ್ಕರೆ ಪ್ರೆಸ್ಟನ್ ವರದಿಯನ್ನೂ, ‘ಹಾರ್ಡ್ ಟೈಮ್ಸ್’ ಎರಡನೇ ಭಾಗದ ನಾಲ್ಕನೇ ಅಧ್ಯಾಯದ ಸಭೆಯನ್ನೂ ಒಟ್ಟಿಗೆ ಓದಿ. ವರದಿಯ ಶೀರ್ಷಿಕೆ ‘ಆನ್ ಸ್ಟ್ರೈಕ್’, ಇಂಟರ್‌ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಎರಡರ ನಡುವೆ ಕಾಣುವ ವ್ಯತ್ಯಾಸದ ಬಗ್ಗೆಯೇ ನಾಲ್ಕು ಪುಟ ಬರೆಯಬಹುದು.